ಕೂಗದೆ ಮಾಳಿಗೆ ಹತ್ತದವರು

ಅವರ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಮಣ್ಣು ಮಾಡಿ ಬಂದು ಆರು ವಾರವಾಯಿತು. ಹೋದವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎಂದು ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ಆದರೆ ಬೆಳಿಗ್ಗೆ ಒಲೆಯ ಮುಂದೆ ಚಹಾ ಕಾಯುತ್ತ ನಿಂತಾಗ ಆ ಮನುಷ್ಯ ನೆನಪಾಗುತ್ತಾರೆ, ನೆನಪಾದ ಕೂಡಲೇ 'ಏನು ಹಟಮಾರಿ ಮನುಷ್ಯನಪ್ಪಾ!' ಎಂದು ಬಾಯಿಂದ ಬಂದೇಬಿಡುತ್ತದೆ. ಅಷ್ಟರಲ್ಲಿ ಚಹಾ ಉಕ್ಕಿ ಒಲೆ ಹೊಲಸಾಗಿರುತ್ತದೆ. ಅದಕ್ಕೂ ಅವರನ್ನೇ ಬೈಯುತ್ತೇನೆ.

ಹೆಸರು ಬರೆಯುವುದಿಲ್ಲ. ಬರೆದರೂ ಮಹಾರಾಷ್ಟ್ರದ ಗಡಿಯ ಈ ಉಮರ್ಗಾದಲ್ಲಿ ಯಾರಿಗೂ ಗುರುತು ಸಿಗಲಿಕ್ಕಿಲ್ಲ. ಅವರ ಸೊಸೆಗೇ ರೇಷನ್ ಕಾರ್ಡ್ ನೋಡಿದರೆ ನೆನಪಾಗುತ್ತಿತ್ತು. ಊರಿಗೆಲ್ಲ ಅವರು ಮಾಳಿಗಿ ಕಾಕಾ. ನಮಗೆ ಎದುರುಮನೆಯವರು. ಲೋಹಾರಾ ರಸ್ತೆಯ ಕಡೆ ಅವರದೊಂದು ಹೊಲವಿತ್ತು, ಜೋಳ, ತೊಗರಿ ಬೆಳೆಯುತ್ತಿತ್ತು. ಆದರೆ ಹೊಲದ ಸುದ್ದಿ ಎತ್ತಿದರೆ ಆಕಳಿಸುತ್ತಿದ್ದರು. ಅವರ ಜೀವವೆಲ್ಲ ಊರವರ ಮನೆಗಳ ನೆತ್ತಿಯ ಮೇಲಿತ್ತು.

ನಮ್ಮ ಕಡೆಯ ಹಳೆಯ ಮನೆಗಳಿಗೆ ಹಂಚಿಲ್ಲ. ದಪ್ಪ ಗೋಡೆ, ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಅದರ ಮೇಲೆ ಕಟ್ಟಿಗೆಯ ಚಕ್ಕೆ, ಎಲ್ಲಕ್ಕೂ ಮೇಲೆ ನೀರು ಇಳಿಯಗೊಡದ ಬಿಳಿಚು ಮಣ್ಣು. ನಮ್ಮಲ್ಲಿ ಮಾಳಿಗೆ ಎಂದರೆ ಇದು. ಅಡುಗೆಮನೆಗೂ ಬಚ್ಚಲಿಗೂ ಬೆಳಕು ಬೀಳಲೆಂದು ನಡುವೆ ಒಂದೊಂದು ಬೆಳಕಿಂಡಿ. ಮುಂಗಾರಿನ ಆರಂಭದ ಮಿರಗದ ಮಳೆಗೆ ಮೊದಲು ವರ್ಷಕ್ಕೊಮ್ಮೆ ಆ ಮಣ್ಣು ಕೆದರಿ, ಹುಲ್ಲು ಕಿತ್ತು, ಹೊಸ ಮಣ್ಣು ಹರವಿ ತುಳಿಯಬೇಕು. ನೀರು ತಾನಾಗಿ ಹರಿದು ಹೊರಬೀಳುವಂತೆ ಇಳಿಜಾರು ಕೂರಿಸಬೇಕು. ಇಳಿಜಾರು ಬೆರಳಗಲ ತಪ್ಪಿದರೆ ಮಳೆ ನಿಮ್ಮ ಹಾಸಿಗೆಯ ಮೇಲೆ. ಆ ಬೆರಳಗಲದ ಲೆಕ್ಕ ಅವರ ಹಿಮ್ಮಡಿಗೆ ಗೊತ್ತಿತ್ತು. ನೆಲದ ಮೇಲೆ ನಡೆಯುವಾಗಲೂ ಮೊದಲು ಹಿಮ್ಮಡಿ ಊರಿ, ಒಂದು ಕ್ಷಣ ನಿಂತು, ಆಮೇಲೆ ಪಾದ ಇಡುತ್ತಿದ್ದರು. ಡಾಂಬರು ರಸ್ತೆಯನ್ನೂ ನಂಬುತ್ತಿರಲಿಲ್ಲ. ಒಮ್ಮೆ ಯಾವುದೋ ಕೆಲಸಕ್ಕೆ ಶಾಲೆಗೆ ಬಂದವರು ಪಡಸಾಲೆಯಲ್ಲಿ ನಿಂತುಬಿಟ್ಟರು.

"ಅಕ್ಕೋರ, ಈ ಫರಸಿ ತೆಳಗ ಪೊಳ್ಳ ಅದ. ಮಕ್ಕಳಿಗಿ ಇಲ್ಲಿ ಕುಂಡ್ರಸಬ್ಯಾಡ್ರಿ."

ಹೊಸದಾಗಿ ಹಾಕಿದ ನೆಲ, ಈ ಮುದುಕನಿಗೆ ತಪ್ಪು ಹುಡುಕುವುದೇ ಕೆಲಸ ಎಂದು ನಾನು ನಕ್ಕೆ. ಎರಡು ತಿಂಗಳಿಗೆ ಆ ಕಲ್ಲು ಕುಸಿದು ಹೆಡ್ ಮಾಸ್ತರರ ಕಾಲು ಉಳುಕಿತು. ಕಾಕಾ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. 'ನಾ ಅಂದಿದ್ದೆ' ಎಂದು ಒಮ್ಮೆ ಅಂದಿದ್ದರೆ ನನಗೂ ಜಗಳಕ್ಕೊಂದು ದಾರಿಯಾಗುತ್ತಿತ್ತು.

ಈಗ ಅವರ ಕೂಗಿನ ವಿಷಯ. ಮಾಳಿಗೆ ಹತ್ತುವ ಮೊದಲು ಕೂಗಿ ಹೇಳುವುದು ನಮ್ಮಲ್ಲಿ ಎಲ್ಲರಿಗೂ ರೂಢಿ. ಬೆಳಕಿಂಡಿಯ ಕೆಳಗೆ ಯಾರೋ ಸ್ನಾನ ಮಾಡುತ್ತಿರಬಹುದು, ಹಿಟ್ಟು ನಾದುತ್ತಿರಬಹುದು. ಮೇಲೆ ಕಾಲಿಟ್ಟರೆ ಕೆಳಗೆ ಮಣ್ಣು ಉದುರುತ್ತದೆ. ಆದರೆ ಉಳಿದವರು ನಿಚ್ಚಣಿಕೆ ಹತ್ತುತ್ತಲೇ ಒಂದು ಕೂಗು ಹಾಕಿ ಮುಗಿಸುತ್ತಾರೆ. ಇವರು ಹಾಗಲ್ಲ. ಕೆಳಗೆ ನಿಂತು ಮೂರು ಸಲ, "ಮ್ಯಾಲ ಬರ್ಲತ್ತೀನ್ರವ್ವಾ!" ಎಂದು ಕೂಗಬೇಕು. ಒಳಗಿನಿಂದ "ಬರ್ರೀ ಕಾಕಾ" ಎಂದು ಯಾರಾದರೂ ಅನ್ನಬೇಕು. ಅನ್ನುವ ತನಕ ಮೊದಲ ಮೆಟ್ಟಿಲಿಗೂ ಕಾಲಿಡುವುದಿಲ್ಲ. ಹತ್ತಿದ ಮೇಲೆ ಮೊದಲ ಕೆಲಸ, ಮುಖ ಆಚೆ ತಿರುಗಿಸಿಕೊಂಡೇ ಬೆಳಕಿಂಡಿಯ ಮೇಲೆ ಕೇರುವ ಮೊರ ಬೋರಲು ಹಾಕುವುದು. ಐವತ್ತು ವರ್ಷ ಊರಿನ ಮನೆಗಳ ಮೇಲೆ ಓಡಾಡಿದ ಮನುಷ್ಯ ಒಂದು ಮನೆಯ ಒಳಗನ್ನೂ ಮೇಲಿನಿಂದ ನೋಡಿರಲಿಲ್ಲ. "ಅಂವಾ ಮ್ಯಾಲಿದ್ರ ನಾ ಸೆರಗ ಇಲ್ದೇ ಕುಂಡ್ರತೀನಿ ನೋಡವಾ," ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ನಮ್ಮ ಅತ್ತೆ ಸ್ವಂತ ತಮ್ಮನನ್ನೂ ಅಷ್ಟು ನಂಬಿದವರಲ್ಲ.

ಆದರೆ ಈ ನೇಮದಿಂದ ನಾನು ಪಟ್ಟ ಪಾಡು ನನಗೇ ಗೊತ್ತು. ಅತ್ತೆ ತೀರಿಕೊಂಡ ವರ್ಷ. ಮನೆಯವರು ನಿಲಂಗಾದಲ್ಲಿ ನೌಕರಿಗಿದ್ದರು, ನಾನು ಶಾಲೆಯಲ್ಲಿ. ಬೆಳಿಗ್ಗೆ ಹೋಗುವಾಗ ಕಾಕಾಗೆ ಹೇಳಿ ಹೋದೆ, ಒಳಮನೆಯಲ್ಲಿ ನೀರು ಸೋರುತ್ತಿದೆ, ಇವತ್ತು ನೋಡಿಬಿಡಿ ಎಂದು. ಮಧ್ಯಾಹ್ನ ಮಳೆ ಹೊಡೆಯಿತು. ಸಂಜೆ ಬಂದು ನೋಡಿದರೆ ನಮ್ಮ ಮನೆಯ ನಿಚ್ಚಣಿಕೆಯ ಬುಡದಲ್ಲಿ ಗೋಣಿಚೀಲ ಹೊದ್ದುಕೊಂಡು ಕೂತಿದ್ದಾರೆ. ಒಳಗೆ ವರ್ಷದ ತೊಗರಿಬೇಳೆಯ ಚೀಲ ತೊಯ್ದು ಮುದ್ದೆ.

"ಮ್ಯಾಲ ಹತ್ತಲಿಲ್ಲೇನ್ರಿ ಕಾಕಾ?"

"ಕೂಗ್ದೆ ಅಕ್ಕೋರ. ಯಾರೂ ಓ ಅನ್ನಲಿಲ್ಲ."

"ಖಾಲಿ ಮನ್ಯಾಗ ಯಾರ ಓ ಅಂತಾರ್ರಿ? ಕೀಲಿ ಹಾಕಿದ್ದು ಕಾಣಸ್ಲಿಲ್ಲೇನು?"

"ಕೀಲಿ ಕಂಡೀತ್ರಿ. ಒಳಗ ಯಾರೂ ಇಲ್ಲಂತ ಕೀಲಿ ಹೇಳ್ತದೇನು?"

ಹಣೆ ಹಣೆ ಬಡಿದುಕೊಂಡೆ. ಬಾಯಿಗೆ ಬಂದಂತೆ ಬೈದೆ. ಓಣಿಯವರು ಬಾಗಿಲಿಗೆ ಬಂದು ನಿಂತರು. ಅವರು ಗೋಣಿಚೀಲ ಮಡಿಸಿ, "ಮ್ಯಾಲ ನಡ್ಯಾವರಿಗಿ ತೆಳಗ ಏನ ಬೀಳ್ತದ ಕಾಣಸಂಗಿಲ್ಲ ಅಕ್ಕೋರ, ಅದಕ್ಕ ಕೇಳ್ಬೇಕು," ಎಂದು ಅಷ್ಟೇ ಹೇಳಿ ತಮ್ಮ ಮನೆಗೆ ಹೋದರು. ಮರುದಿನ ನಾನು ಮನೆಯಲ್ಲಿದ್ದು ಓ ಎಂದ ಮೇಲೆ ಹತ್ತಿ, ಹನಿ ನೀರು ಇಳಿಯದ ಹಾಗೆ ಮಾಡಿಕೊಟ್ಟರು. ಆ ಬೇಳೆ ಮಾತ್ರ ದನಕ್ಕೂ ಹಾಕಲು ಬರಲಿಲ್ಲ.

ಆಮೇಲಾಮೇಲೆ ಓಣಿಯಲ್ಲಿ ಒಂದೊಂದೇ ಮನೆ ಸ್ಲ್ಯಾಬ್ ಆಯಿತು. ಕಾಕಾನ ಮನೆಯನ್ನೇ ಅವರ ಮಗ ಮೊದಲು ಸ್ಲ್ಯಾಬ್ ಮಾಡಿಸಿದ. ತುರೋರಿಯ ಹೈವೇದಲ್ಲಿ ಅವನದು ಪಂಕ್ಚರ್ ಅಂಗಡಿ. ಲಾರಿಯ ಟೈರು ಒಬ್ಬನೇ ಎತ್ತುತ್ತಾನೆ, ಮಾಳಿಗೆ ಹತ್ತಿದರೆ ಮಾತ್ರ ತಲೆ ತಿರುಗಿ ಕೂತುಬಿಡುತ್ತಾನೆ. ಓಣಿಯಲ್ಲಿ ಕೊನೆಗೆ ಉಳಿದ ಮಣ್ಣಿನ ಮಾಳಿಗೆ ನಮ್ಮದು. ಎರಡು ವರ್ಷದ ಹಿಂದೆ ಅದನ್ನೂ ಕೆಡವಿಸಿದೆ. ಪ್ರತಿ ವರ್ಷದ ಆ ಮಣ್ಣು, ಆ ಕೂಗು, ಆ ಕಾಯುವಿಕೆ, ಸಾಕಾಗಿತ್ತು ನನಗೆ. ಕೆಡವುವ ದಿನ ಕಾಕಾ ಕರೆಯದೆ ಬಂದು, ಕೂಲಿಯವರ ಜೊತೆ ನಿಂತು ಜಂತಿ ಒಂದೂ ಮುರಿಯದಂತೆ ಇಳಿಸಿಕೊಟ್ಟರು. "ತೊಲಿ ಇನ್ನಾ ಘಟ್ಟಿ ಅವ ಅಕ್ಕೋರ," ಎಂದರು. ಅಷ್ಟೇ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆ ವರ್ಷ ಮಿರಗಕ್ಕೆ ಮೊದಲು ಬುಟ್ಟಿ, ಸಲಿಕೆ ಹಿಡಿದು ರೂಢಿಯಂತೆ ನಮ್ಮ ಬಾಗಿಲಿಗೆ ಬಂದವರು ಸ್ಲ್ಯಾಬ್ ನೋಡಿ, ಏನೂ ಆಗದವರಂತೆ ವಾಪಸು ಹೋದರು. ನಾನು ಕಿಟಕಿಯಲ್ಲಿ ನಿಂತು ನೋಡಿದೆ.

ಅದನ್ನು ಕಂಡದ್ದಕ್ಕೇ ನಾನು ಉದಗೀರದ ಉಸಾಬರಿಗೆ ಹೋದದ್ದು. ಈ ಸಲ ಶಿವರಾತ್ರಿ ಮುಗಿದ ಮೇಲೆ ನಮ್ಮ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಒಂದು ಸುದ್ದಿ ಬಂತು. ಉದಗೀರದಲ್ಲಿ ಹಳೆಯ ವಾಡೆಯೊಂದನ್ನು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಅದರ ಮಾಳಿಗೆಯ ಮೇಲೆ ಪುಣೆಯ ಕಲಾವಿದನೊಬ್ಬ ಏನೋ ಕಲೆ ಮಾಡಿದ್ದಾನೆ: ನೀವು ಮಣ್ಣಿನ ಮೇಲೆ ನಡೆದರೆ ಕಾಲಡಿಯಿಂದ ಹಳೆಯ ಮನೆಯ ಸದ್ದುಗಳು ಏಳುತ್ತವಂತೆ. ಕೊನೆಯ ಸಾಲು ನೋಡಿ ನಾನು ಕನ್ನಡಕ ಹಾಕಿಕೊಂಡೆ. ಮಣ್ಣಿನ ಮಾಳಿಗೆ ಕಟ್ಟುವುದನ್ನು ಹತ್ತು ಯುವಕ ಯುವತಿಯರಿಗೆ ಕಲಿಸಬೇಕಾಗಿದೆ, ಬಲ್ಲವರು ಇದ್ದರೆ ತಿಳಿಸಿ ಎಂದಿತ್ತು. ಕೂಡಲೇ ಫೋನ್ ಹಚ್ಚಿದೆ. ಅಲ್ಲಿನ ಉಸ್ತುವಾರಿ ಮೇಡಂ ಮರಾಠಿಯಲ್ಲಿ ಬಹಳ ಸವಿಯಾಗಿ ಮಾತಾಡಿ, ಭಾನುವಾರ ಕರೆತನ್ನಿ, ನೋಡೋಣ ಎಂದರು.

ಕಾಕಾ ಕಟ್ಟೆಯ ಮೇಲೆ ಕೂತು ವಿಭೂತಿ ಉಂಡೆ ತಿಕ್ಕುತ್ತಿದ್ದರು. ಹೇಳಿದೆ. ಕೈ ನಿಂತಿತು.

"ಖರೇ ಹೇಳ್ರಿ ಅಕ್ಕೋರ, ಕಲೀಲಾಕ ಮಂದಿ ಬರ್ತಾರೇನು?"

"ಹತ್ತು ಮಂದಿ ಅಂತ ಬರ್ದಾರ್ರಿ."

"ನಂಗ ಒಂದೇ ಫಿಕರ್ ಅದ. ಇದು ನನ್ ಸಂಗಾಟ ಮಣ್ಣಾಗ ಹೋಗಬಾರದು. ಒಬ್ಬರಿಗರ ಕೊಟ್ಟ ಹೋಗ್ಬೇಕು. ಮಗ ಅಂತೂ ಎರಡನೇ ಮೆಟ್ಟಿಲಿಗೇ ಕಣ್ಣ ಮುಚ್ಚತಾನ." ಅಷ್ಟು ವರ್ಷದಲ್ಲಿ ಅವರು ತಮಗೆ ಏನಾದರೂ ಬೇಕು ಎಂದದ್ದು ಅದೊಂದೇ ಸಲ.

ಭಾನುವಾರ ಹೊರಟೆವು. ಉಮರ್ಗಾದಿಂದ ನಿಲಂಗಾ, ನಿಲಂಗಾದಿಂದ ಉದಗೀರ. ಬಸ್ಸಿನ ಕಿಟಕಿಯಿಂದ ಕಂಡ ಮಾಳಿಗೆಗೆಲ್ಲ ಅವರದೊಂದು ಮಾತು. ಇದಕ್ಕ ನೀರ ನಿಂದರತದ, ಅದರ ಜಂತಿ ಹುಳಾ ತಿಂದಾದ. ನಿಲಂಗಾ ಸ್ಟ್ಯಾಂಡಿನಲ್ಲಿ ಬಸ್ಸು ಹೊರಡುವ ಹೊತ್ತಿಗೆ ಮಂಗಮಾಯ. ನೋಡಿದರೆ ಎದುರಿನ ಓಣಿಯ ಯಾವುದೋ ಮನೆಯ ಮುಂದೆ ನಿಂತು ಮಾಳಿಗೆ ನೋಡುತ್ತಿದ್ದಾರೆ. ಕಂಡಕ್ಟರನ ಕೈಕಾಲು ಹಿಡಿದು ಬಸ್ಸು ನಿಲ್ಲಿಸಿದೆ. "ಇವತ್ತೊಂದಿನ ನಾ ಹೇಳಿದಂಗ ಕೇಳ್ರಿ ಕಾಕಾ, ನಿಮಗ ಕೈ ಮುಗೀತೀನಿ," ಎಂದೆ. ಆಗಲಿ ಎಂದು ತಲೆಯಾಡಿಸಿದರು.

ಮೇಡಂ ನಮಗಾಗಿ ಕಾಯುತ್ತಿದ್ದರು. ಚೆನ್ನಾಗಿಯೇ ಮಾತಾಡಿಸಿದರು, ಕಾಕಾನ ಕಾಲು ಮುಟ್ಟಿ ನಮಸ್ಕಾರವನ್ನೂ ಮಾಡಿದರು. ಹೊರಗಿನ ಕಬ್ಬಿಣದ ಮೆಟ್ಟಿಲಿನಿಂದ ಮೇಲೆ ಹೋಗಬೇಕು. ನಡೆಯಿರಿ, ಕೇಳಿರಿ, ಇಣುಕಿರಿ ಎಂದು ಫಲಕ ಹಾಕಿದ್ದರು. ಮಾಳಿಗೆ ವಿಶಾಲವಾಗಿತ್ತು. ಹೊಸ ಬಿಳಿಮಣ್ಣು ಹರವಿದ್ದರು, ನಾಲ್ಕು ಬೆಳಕಿಂಡಿಗಳ ಬಾಯಲ್ಲಿ ಹಳದಿ ದೀಪ ಉರಿಯುತ್ತಿತ್ತು. ಒಂದು ಕಡೆ ಕಾಲಿಟ್ಟರೆ ಬೀಸುಕಲ್ಲಿನ ಸದ್ದು. ಇನ್ನೊಂದು ಕಡೆ ಬಳೆಗಳ ಸದ್ದು, ಕೊಡದ ಸದ್ದು, ಯಾರೋ ಕೆಮ್ಮುವುದು. ಮೂಲೆಯಲ್ಲಿ ಒಂದು ಕಡೆ ತುಳಿದರೆ ಕೂಸು ಅಳುತ್ತಿತ್ತು. ಕಾಲೇಜಿನ ಹುಡುಗರ ಗುಂಪೊಂದು ಅಲ್ಲೇ ಕುಣಿಕುಣಿದು ಕೂಸನ್ನು ಅಳಿಸಿ ಅಳಿಸಿ ನಗುತ್ತಿತ್ತು. ಬೂಟುಗಾಲಿನಲ್ಲೇ.

ಕಾಕಾ ಕೊನೆಯ ಮೆಟ್ಟಿಲ ಮೇಲೆ ನಿಂತು ಚಪ್ಪಲಿ ಬಿಟ್ಟರು. ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ತಿಕ್ಕಿ ನೋಡಿದರು. "ಮಣ್ಣ ಛೊಲೋ ಅದ. ಇಳಿಜಾರ ತಪ್ಪ್ಯಾದ." ಸರಿ, ಒಳ್ಳೆಯ ಆರಂಭ ಎಂದುಕೊಂಡೆ. ಮೇಡಂ ತಲೆದೂಗಿದರು. ಆಮೇಲೆ ಕಾಕಾ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಬಾಯಿಯ ಹತ್ತಿರ ತಂದರು.

"ಮ್ಯಾಲ ಬರ್ಲತ್ತೀನ್ರವ್ವಾ!"

ಹುಡುಗರು ನಿಂತು ನೋಡಿದರು. ಇದೂ ಕಲೆಯ ಭಾಗವೇ ಎಂದುಕೊಂಡು ಚಪ್ಪಾಳೆ ತಟ್ಟಿದರು, ಫೋನ್ ಎತ್ತಿ ಹಿಡಿದರು. ಎರಡನೇ ಕೂಗು. ಮೂರನೇ ಕೂಗು. ಆಮೇಲೆ ಕಾಕಾ ಕೈಕಟ್ಟಿ ನಿಂತರು. ನಮ್ಮ ಹಿಂದೆ ಮೆಟ್ಟಿಲಿನುದ್ದಕ್ಕೂ ಜನ ಸಾಲುಗಟ್ಟಿದರು.

"ಚಲಾ ನಾ ಕಾಕಾ. ಖಾಲೀ ಕೋಣೀ ನಾಹೀ," ಎಂದರು ಮೇಡಂ. ಕೆಳಗೆ ಯಾರೂ ಇಲ್ಲ, ನಡೆಯಿರಿ ಎಂದು.

ಕಾಕಾ ಕದಲಲಿಲ್ಲ. ನಾನು ಹತ್ತಿರ ಹೋಗಿ ಪಿಸುಗುಟ್ಟಿದೆ. "ಕಾಕಾ, ಅದು ಮಷೀನ್ ಅದ. ಕೆಮ್ಮು, ಕೂಸು ಎಲ್ಲಾ ಮಷೀನ್."

"ಮಷೀನ್ ಅಂತ ನಂಗೂ ತಿಳೀತದ ಅಕ್ಕೋರ. ಮಷೀನಿನ ತೆಳಗ ಯಾರದಾರ, ಅದು ಕೇಳ್ಲತ್ತೀನಿ."

"ಯಾರೂ ಇಲ್ಲಂತ ಮೇಡಂ ಅಂದ್ರಲ್ಲಾ!"

"ಮೇಡಂ ಮ್ಯಾಲ ಅದಾರ."

ಹಿಂದಿನಿಂದ ಯಾರೋ, 'ಬಾಬಾ, ಜಲ್ದಿ ಕರೋ' ಎಂದರು. ಮೇಡಂ ಕೈಗಡಿಯಾರ ನೋಡಿಕೊಂಡು, ಇನ್ನೊಂದು ದಿನ ಬರ್ತೀರಾ, ಇವತ್ತು ಜನ ಬಹಳ ಎಂದು ನನ್ನ ಕಿವಿಯಲ್ಲಿ ಹೇಳಿದರು. ಇನ್ನೊಂದು ದಿನ ಎಂದರೆ ಏನರ್ಥ ಎಂಬುದು ನನಗೆ ಗೊತ್ತಿಲ್ಲವೇ? ನನ್ನ ಸಹನೆ ಹರಿದುಹೋಯಿತು. ಅವರ ಮೊಣಕೈ ಹಿಡಿದು ಜಗ್ಗಿದೆ. "ನಿಮ್ಮ ಈ ಹಟಕ್ಕೇ ನನ್ನ ವರ್ಷದ ಬ್ಯಾಳಿ ಹಾಳಾತು. ಈಗ ನಿಮ್ಮ ನಸೀಬ ನೀವೇ ಹಾಳ ಮಾಡ್ಕೋಲತ್ತೀರಿ. ಒಂದ್ ಹೆಜ್ಜಿ, ಒಂದೇ ಒಂದ್ ಹೆಜ್ಜಿ ಇಡ್ರಿ!" ಅಷ್ಟು ಜನರ ಮುಂದೆ, ಅಷ್ಟು ದೊಡ್ಡ ದನಿಯಲ್ಲಿ. ಅವರು ನನ್ನ ಮುಖ ನೋಡಿದರು. ನೋವಾಗಿತ್ತು, ಆದರೂ ಹೆಜ್ಜೆ ಇಡಲಿಲ್ಲ.

ಆಗ ದೀಪವಿಲ್ಲದ ಒಂದು ಬೆಳಕಿಂಡಿಯಿಂದ ದನಿ ಬಂತು.

"ತಡೀರಿ ಯಪ್ಪಾ, ರೊಟ್ಟಿ ಮುಚ್ಚತೀನಿ!"

ಕಾಲೇಜಿನ ಹುಡುಗನೊಬ್ಬ ಓಡಿ ಹೋಗಿ, ಆ ಸದ್ದು ಮತ್ತೆ ಬರಲಿ ಎಂದು ಆ ಜಾಗವನ್ನು ದಬದಬ ತುಳಿದ.

"ಏ, ತಡೀರಿ ಅಂದ್ನಲ್ಲಾ! ಕಣ್ಣಾಗ ಬಿತ್ತು!"

ಈಗ ಯಾರೂ ನಗಲಿಲ್ಲ. ಮೇಡಂ ಮುಖ ಕೆಂಪಾಯಿತು. ನಾನು ಮೆಟ್ಟಿಲಿಳಿದು ಕೆಳಗೆ ಓಡಿದೆ. ಮುರುಕು ಖುರ್ಚಿ, ಬಣ್ಣದ ಡಬ್ಬಿ ಒಟ್ಟಿದ ಕೋಣೆ. ವಾಡೆಯ ಕಸ ಗುಡಿಸುವ ಹೆಂಗಸು ನೆಲದ ಮೇಲೆ ಊಟಕ್ಕೆ ಕೂತಿದ್ದಳು. ಬುತ್ತಿಯ ಮೇಲೆ ಪೇಪರ್ ಮುಚ್ಚಿ ಕಣ್ಣು ತಿಕ್ಕುತ್ತಿದ್ದಳು. ತಲೆಗೂದಲೆಲ್ಲ ಬಿಳಿಮಣ್ಣು. ಔರಾದ್ ಕಡೆಯವಳು, ಉದಗೀರಕ್ಕೆ ಕೊಟ್ಟದ್ದು ಎಂದಳು. "ತಿಂಗಳಾತ್ರಿ, ಒಂದ್ ಕೈಲಿ ಪೇಪರ್ ಹಿಡ್ದೇ ಉಣ್ತೀನಿ. ಹೇಳೀನಿ, ಯಾರ ಕೇಳ್ತಾರ? ಇವತ್ತೇ ಒಬ್ಬರು ಕೂಗಿ ಕೇಳ್ಯಾರ. ಯಾರ್ರೀ ಅವ್ರು?" ಮೇಲಿನಿಂದ ಕಾಕಾನ ದನಿ ಕೇಳಿತು: "ಸಾವಕಾಶ ಉಣ್ಣವಾ. ಉಂಡಾದ ಮ್ಯಾಲ ಹೇಳು, ಬರ್ತೀನಿ."

ಆಕೆ ಉಂಡು ಕೈ ತೊಳೆಯುವ ತನಕ ಆ ಕಲೆ ನಿಂತಿತು. ಕಾಕಾ ಮೇಲಿನ ಮೆಟ್ಟಿಲಿಗೆ ಅಡ್ಡ ಕೂತಿದ್ದರು, ಯಾರಿಗೂ ದಾರಿ ಬಿಡಲಿಲ್ಲ. ಆಕೆ 'ಬರ್ರೀ' ಎಂದ ಮೇಲೆ ಎದ್ದು, ಹಿಮ್ಮಡಿ ಊರುತ್ತ ಮಾಳಿಗೆಯ ಈ ತುದಿಯಿಂದ ಆ ತುದಿಗೆ ನಡೆದರು. ಒಂದೊಂದು ಸದ್ದು ಎದ್ದಾಗಲೂ ಅದು ಮುಗಿಯುವ ತನಕ ನಿಂತು ಮುಂದೆ ಹೋದರು. ತಿರುಗಿ ಬಂದು, ಕೇಳುತ್ತಿದ್ದ ಜನರೆದುರೇ, ತಮಗೆ ಬರುವ ಮರಾಠಿಯಲ್ಲಿ ಮೇಡಂಗೆ ಹೇಳಿದರು: ಮಿರಗದಲ್ಲಿ ಇಲ್ಲಿ ನೀರು ನಿಲ್ಲುತ್ತದೆ. ಕೂಸು ಅಳುವ ಕಡೆ ಜಂತಿ ಹೋಗಿದೆ, ಅಲ್ಲಿ ಕುಣಿಯಬೇಡಿ ಎನ್ನಿ. ಕೆಳಗಿನ ಹೆಣ್ಣುಮಗಳಿಗೆ ಉಣ್ಣಲು ಬೇರೆ ಜಾಗ ಕೊಡಿ. ಮೇಡಂ ನಗುತ್ತ, "ಹೋ ಹೋ ಕಾಕಾ, ಆಮ್ಹೀ ಫೋನ್ ಕರತೋ," ಎಂದರು. ಆ ನಗೆ ನೋಡಿಯೇ ನನಗೆ ತಿಳಿಯಿತು, ಫೋನ್ ಬರುವುದಿಲ್ಲ.

ತಿರುಗಿ ಬರುವಾಗ ನಿಲಂಗಾ ತನಕ ನಾನು ಸುಮ್ಮನಾಗಲಿಲ್ಲ. ಅವರು ಮಾಡಿದ್ದು ಸರಿ ಎಂದು ಗೊತ್ತಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು. "ಆಕಿ ಸಲುವಾಗಿ ನಿಮಗ ಕಾಳಜಿ ಬಂತು, ಛೊಲೋ ಆತು. ಮೇಡಂ ಕಿವ್ಯಾಗ ಮೆಲ್ಲಗ ಹೇಳ್ಬೇಕಿಲ್ಲೇನ್ರಿ?"

"ಮೆಲ್ಲಗ ಹೇಳಿದ್ರ ತೆಳಗಿದ್ದಾಕಿಗಿ ಹ್ಯಾಂಗ ಕೇಳಸ್ತದ ಅಕ್ಕೋರ?" ಎಂದರು. ಆಮೇಲೆ ಬಹಳ ಸಮಾಧಾನದಿಂದ, "ಮೇಡಂ ಛೊಲೋ ಹೆಣ್ಣಮಗಳು ಅದಾಳ. ಫೋನ್ ಮಾಡ್ತೀವಿ ಅಂದಾಳಲ್ಲ," ಎಂದರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಈ ಮನುಷ್ಯ ಬಂದ ಕೆಲಸ ಆಯಿತೆಂದೇ ತಿಳಿದಿದ್ದರು.

ಅಂದಿನಿಂದ ಶುರುವಾಯಿತು. ಬೆಳಿಗ್ಗೆ ನಾನು ಶಾಲೆಗೆ ಹೊರಟರೆ ಕಟ್ಟೆಯ ಮೇಲಿನಿಂದ, "ಅಕ್ಕೋರ, ಫೋನ್ ಬಂತೇನ್ರಿ?" ಸಂಜೆ ಬಂದರೆ ಮತ್ತೆ ಅದೇ. ಸಂತೆಯ ಚೀಲ ಹಿಡಿದು ಬರುವಾಗಲೂ ಅದೇ. ಜೀವ ತಿಂದುಬಿಟ್ಟರು. ನಾನು ಮೇಡಂಗೆ ಫೋನ್ ಮಾಡಿದೆ. ಮೀಟಿಂಗಿನಲ್ಲಿದ್ದೇನೆ ಎಂದರು. ಮತ್ತೆ ಮಾಡಿದೆ, ಬೇಸಿಗೆ ಕಳೆಯಲಿ ಎಂದರು. ಮೂರನೇ ಸಲ ಬೇರೆ ಯಾರೋ ಎತ್ತಿ, ಕಲಿಸುವ ಕೆಲಸ ಒಬ್ಬ ಇಂಜಿನಿಯರ್‌ಗೆ ಕೊಟ್ಟಾಯಿತು, ಅವರು ವಿಡಿಯೋ ಹಾಕಿ ಕಲಿಸುತ್ತಾರೆ ಎಂದರು. ಆ ಕಸ ಗುಡಿಸುವವಳು ಈಗ ಎಲ್ಲಿ ಉಣ್ಣುತ್ತಾಳೆ ಎಂದು ಕೇಳಿದೆ. ಆಫೀಸಿನ ಪಡಸಾಲೆಯಲ್ಲಿ ಎಂದರು. ಅದಿಷ್ಟನ್ನು ಕಾಕಾಗೆ ಹೇಳಿದೆ. "ಛೊಲೋ ಆತು," ಎಂದು ಕೈ ಮುಗಿದರು. ಇಂಜಿನಿಯರನ ವಿಷಯ ಹೇಳಲು ನಾಲಿಗೆ ಏಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ಹಾಗೆ ಎಷ್ಟು ನಾಳೆಗಳೋ.

ಬಿಸಿಲು ಏರಿದಂತೆ ಅವರ ಉಬ್ಬಸ ಏರಿತು. ಐವತ್ತು ವರ್ಷ ಕುಡಿದ ಧೂಳು. ಹಾಸಿಗೆ ಹಿಡಿದರು. ಒಂದು ದಿನ ಶಾಲೆಯಿಂದ ನೇರವಾಗಿ ನೋಡಲು ಹೋದೆ. ಮೈಯಲ್ಲಿ ಏನೂ ಉಳಿದಿರಲಿಲ್ಲ. ನನ್ನನ್ನು ಕಂಡು ತುಟಿ ಅಲ್ಲಾಡಿಸಿದರು. ಏನು ಕೇಳುತ್ತಾರೆ ಎಂದು ಗೊತ್ತಿತ್ತು. ಕೇಳಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ.

"ಫೋನ್ ಬಂತ್ರಿ ಕಾಕಾ," ಎಂದುಬಿಟ್ಟೆ.

ಗೋಡೆ ಹಿಡಿದು ಎದ್ದು ಕೂತರು. ಸೊಸೆ ಒಳಗಿನಿಂದ ಓಡಿ ಬಂದಳು.

"ಎಷ್ಟ ಮಂದಿ?"

"ಹತ್ತು."

"ಹೆಣ್ಮಕ್ಕಳ ಅದಾರೇನು?"

"ಮೂರು ಮಂದಿ ಅದಾರ್ರಿ. ಒಬ್ಬಾಕಿ ನಿಲಂಗಾದಾಕಿ." ಸುಳ್ಳು ಹೇಳಲು ಶುರು ಮಾಡಿದ ಮೇಲೆ ನನ್ನ ಬಾಯಿ ನಿಲ್ಲಲಿಲ್ಲ. ಇಬ್ಬರು ಲೋಹಾರಾದವರು, ಒಬ್ಬ ಉದಗೀರದವನು, ಗೌಂಡಿಯ ಮಗ ಎಂದೆಲ್ಲ ಹೇಳಿದೆ. ಮಿರಗ ಕೂಡಿದ ಮೇಲಿನ ಸೋಮವಾರ ಎಂದು ದಿನವನ್ನೂ ಕೊಟ್ಟೆ. ಅಷ್ಟು ಹೊತ್ತಿಗೆ ಅವರು ಹೇಗಿರುತ್ತಾರೋ, ಇರುತ್ತಾರೋ ಇಲ್ಲವೋ, ಯಾಕೆ ತಲೆ ಕೆಡಿಸಿಕೊಳ್ಳಲಿ ಎಂದು ನನ್ನೊಳಗೊಬ್ಬ ಕೆಟ್ಟ ಹೆಂಗಸು ಲೆಕ್ಕ ಹಾಕಿದ್ದಳು. ಬರೆಯಲು ನಾಚಿಕೆಯಾಗುತ್ತದೆ.

ಆದರೆ ಮಾಳಿಗಿ ಕಾಕಾ ಒಬ್ಬರ ಮಾತನ್ನು ಸುಮ್ಮನೆ ಕೇಳಿ ಬಿಡುವವರಲ್ಲ. ತಾವು ಬಸ್ಸು ಹತ್ತಲಾರೆ, ಅವರೇ ಇಲ್ಲಿಗೆ ಬರಲಿ ಎಂದರು. ಅಂಗಳದಲ್ಲಿ ನಾಲ್ಕು ಕಂಬ ನೆಟ್ಟು ಸಣ್ಣದೊಂದು ಮಾಳಿಗೆ ಕಟ್ಟಿ ಕಲಿಸುತ್ತೇನೆ ಎಂದರು. ಅಪ್ಪನ ಮುಖ ನೋಡಿ ಮಗನೂ ಹುರುಪಾದ. ಮೂರು ದಿನ ಅಂಗಡಿ ಮುಚ್ಚಿ ತಿರುಗಿ, ಎಲ್ಲಿಂದಲೋ ಬಿಳಿಮಣ್ಣು ಹುಡುಕಿ ಟ್ರ್ಯಾಕ್ಟರಿನಲ್ಲಿ ತಂದು ಬಾಗಿಲ ಮುಂದೆ ಸುರಿಸಿದ. ಕಾಕಾ ಬಾಗಿಲ ಬಳಿ ಹಾಸಿಗೆ ಹಾಕಿಸಿಕೊಂಡು ಆ ಮಣ್ಣು ನೋಡುತ್ತ ಮಲಗಿದರು. ಸೊಸೆ ಅಕ್ಕಪಕ್ಕದವರಲ್ಲಿ ಹತ್ತು ಚಾಪೆ ಕೇಳಿ ಇಟ್ಟಳು. ನಾನು ದಿನಾ ಆ ಮಣ್ಣಿನ ಗುಡ್ಡೆಯನ್ನು ಸುತ್ತಿ ಅವರ ಬಾಗಿಲಿಗೆ ಹೋಗುತ್ತಿದ್ದೆ. ಇವತ್ತು ಹೇಳಿಬಿಡುತ್ತೇನೆ ಎಂದು ಹೋಗುವುದು, ಅವರು ಮಾತಾಡಲು ಶುರು ಮಾಡುವುದು, ನಾನು ಹೂಂ ಹೂಂ ಎಂದು ಬರುವುದು.

"ಮೊದಲನೇ ದಿವಸ ಯಾರಿಗೂ ಮ್ಯಾಲ ಹತ್ತಗೊಡಂಗಿಲ್ಲ ಅಕ್ಕೋರ. ಹತ್ತೂ ಮಂದಿಗಿ ತೆಳಗ ಕುಂಡ್ರಸ್ತೀನಿ. ಮ್ಯಾಲ ನಾ ನಡೀತೀನಿ. ತಲಿ ಮ್ಯಾಲ ಮಣ್ಣ ಬೀಳ್ಲಿ. ಅದು ತಿಳೀತಂದ್ರ ಮುಂದಿಂದ ಸುಲಭ ಅದ." ಇದನ್ನು ಹೇಳಿ ಮುಗಿಸಲು ಅವರಿಗೆ ಬಹಳ ಹೊತ್ತು ಬೇಕಾಯಿತು. ನಡುನಡುವೆ ಉಸಿರು ನಿಲ್ಲುತ್ತಿತ್ತು. ಆದರೆ ಆ ಕಣ್ಣಿನಲ್ಲಿದ್ದ ಸಂತೋಷ, ಅಯ್ಯೋ, ನನಗೆ ನೋಡಲಾಗಲಿಲ್ಲ.

ಸೋಮವಾರಕ್ಕೆ ನಾಲ್ಕು ದಿನ ಇರುವಾಗ ಹೋದರು.

ಮಣ್ಣು ಮಾಡಿ ಬಂದು ಅಂಗಳದಲ್ಲಿ ಕೂತಿದ್ದೆವು. ಮಗ ಮೂಲೆಯಲ್ಲಿ ತಲೆ ಹಿಡಿದುಕೊಂಡು ಕೂತಿದ್ದ. ಸೊಸೆ ಕಣ್ಣೊರೆಸಿಕೊಂಡು ನನ್ನ ಬಳಿ ಬಂದಳು.

"ಅಕ್ಕೋರ, ಆ ಹತ್ತು ಮಂದಿಗಿ ಫೋನ್ ಮಾಡಿ ಬರಬ್ಯಾಡ್ರಿ ಅಂತ ಹೇಳ್ರಿ. ಪಾಪ, ದೂರಿಂದ ಬರೋರು. ಬಂದು ಸುಮ್ಮ್ ಹೋಗಬಾರದು."

"ಮಾಡ್ತೀನವಾ," ಎಂದೆ.

"ಈಗೇ ಮಾಡ್ರಿ. ನಾಳಿಗಿ ಮರೀತೀರಿ."

ಫೋನ್ ತೆಗೆದುಕೊಂಡು ಓಣಿಗೆ ಬಂದು, ಆ ಬಿಳಿಮಣ್ಣಿನ ಪಕ್ಕದಲ್ಲಿ ನಿಂತೆ. ಸೊಸೆ ಬಾಗಿಲಿಗೆ ಬಂದು ನೋಡುತ್ತ ನಿಂತಳು. ನಾನು ಯಾವ ನಂಬರನ್ನೂ ಒತ್ತದೆ ಫೋನನ್ನು ಕಿವಿಗೆ ಹಿಡಿದೆ. "ಹಲೋ, ನಿಲಂಗಾದಾಕಿ ಏನವಾ? ನಾ ಉಮರ್ಗಾದಿಂದ ಮಾತಾಡ್ಲತ್ತೀನಿ. ಸೋಮವಾರ ಬರಬ್ಯಾಡ. ಕಾಕಾ ಹೋದರು," ಎಂದೆ. ಇಳಿಸಿ, ಮತ್ತೆ ಕಿವಿಗೆ ಹಿಡಿದೆ. ಮೂರನೆಯದಕ್ಕೆ ಅಳು ಬಂತು. ಅಳುತ್ತಲೇ ನಾಲ್ಕನೆಯವನಿಗೆ ಹೇಳಿದೆ, ಐದನೆಯವನಿಗೆ ಹೇಳಿದೆ. ಹತ್ತನೆಯದು ಮುಗಿಯುವ ತನಕ ಆಕೆ ಬಾಗಿಲು ಬಿಟ್ಟು ಸರಿಯಲಿಲ್ಲ.